ಸ್ತನ್ಯವೂ ಪಥ್ಯವೂ

ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು 16ನೆಯ ಶತಮಾನದ ಆದಿಭಾಗದಲ್ಲಿ 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನು ರಚಿಸಿದನಷ್ಟೆ. ಬದನೆ, ಹಲಸು, ಬಾಳೆಗಳ ಪಾಕಭೇದಗಳನ್ನು ಆ ರಸಿಕನು ಬಹು ಅಕ್ಕರೆಯಿಂದ ವರ್ಣಿಸಿದ್ದಾನೆ. ಆದರೆ ಆತನ ಸೀಮೆಯಲ್ಲಿಯೇ, ಎಂದರೆ ಹುಣಸೂರು, ಪಿರಿಯಾಪಟ್ಟಣ, ಎಡತೊರೆಯೆನಿಸಿದ್ದ ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಮನೆಗಳಲ್ಲಿ, ಬಾಣಂತಿಯ ಎಲೆಗೆ ಬದನೆ ಬೀಳಕೂಡದು, ಅದು ನಂಜು. ಹಲಸು ಮಂದ, ಅವರೆ ವಾಯು. ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪ, ಇವು ಸಲ್ಲುತ್ತವೆ. ಕೂಸು ರಚ್ಚೆ ಹಿಡಿದರೆ ಅಜ್ಜಿಯ ಮೊದಲ ಪ್ರಶ್ನೆ ಬಾಣಂತಿಗೇ: "ಏನು ತಿಂದೆಯೇ?"

ಈ ಪ್ರಶ್ನೆ ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕತಕ್ಕದ್ದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಸ್ತನ್ಯಕ್ಕೆ ಎಂಟು ದೋಷಗಳನ್ನು ಹೇಳಿ, ಅವುಗಳಿಗೆ ಕಾರಣವನ್ನು ತಾಯಿಯ ಆಹಾರವಿಹಾರಗಳಲ್ಲಿ ಹುಡುಕುತ್ತದೆ. ಸುಶ್ರುತನು ಹಾಲನ್ನು ನೀರಿನಲ್ಲಿ ಬಿಟ್ಟು ಪರೀಕ್ಷಿಸುತ್ತಾನೆ. ತೇಲದೆ, ಮುಳುಗದೆ, ಎಳೆಯಾಗದೆ ಬೆರೆತುಹೋದರೆ ಅದು ಶುದ್ಧ. ನೇಪಾಳದ ತಾಳೆಗರಿಯಿಂದ 1938ರಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಂತೂ, ಮಾತು ಬಾರದ ಶಿಶುವಿನ ಶೂಲೆಯನ್ನು ಅರಿಯುವ ಬಗೆಯನ್ನೇ ವಿವರಿಸುತ್ತದೆ. ಕೂಸು ಮೊಲೆಯನ್ನು ಬಿಟ್ಟು ಅಳುತ್ತದೆ, ಅದರ ಹೊಟ್ಟೆ ಬಿಗಿಯುತ್ತದೆ, ಮುಖ ಬೆವರುತ್ತದೆ. ಇಷ್ಟು ಸೂಕ್ಷ್ಮವಾಗಿ ಕೂಸನ್ನು ನೋಡಿದವರು ತೊಟ್ಟಿಲ ಬಳಿ ಬಹಳ ರಾತ್ರಿಗಳನ್ನು ಕಳೆದವರೇ ಆಗಿರಬೇಕು. ಕನ್ನಡದಲ್ಲಿಯೂ ಸುಮಾರು 1200ರಲ್ಲಿದ್ದ ದೇವೇಂದ್ರಮುನಿಯ 'ಬಾಲಗ್ರಹಚಿಕಿತ್ಸೆ'ಯನ್ನು ಕವಿಚರಿತೆಕಾರರು ಹೆಸರಿಸಿದ್ದಾರೆ.

ಪಶ್ಚಿಮದವರು ಈ ವಿಷಯಕ್ಕೆ ತಡವಾಗಿ ಬಂದರೂ ಪ್ರಯೋಗದ ದೀಪವನ್ನು ಹಿಡಿದು ಬಂದರು. 1906ರಲ್ಲಿ ವಿಯೆನ್ನಾದ ಪಿರ್ಕೆ 'ಅಲರ್ಜಿ' ಎಂಬ ಶಬ್ದವನ್ನು ಟಂಕಿಸಿದನು. 1921ರಲ್ಲಿ ಅಮೆರಿಕದ ಷ್ಯಾನನ್, ತಾಯಿ ಉಂಡ ಆಹಾರದ ಪ್ರೋಟೀನು ಅವಳ ಎದೆಹಾಲಿನಲ್ಲಿ ಇಳಿಯುವುದನ್ನು ಗಿನಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿ, ಮರುವರ್ಷ ಮೊಲೆಯುಣ್ಣುವ ಕೂಸುಗಳ ಇಸುಬಿಗೂ ತಾಯಿಯ ಊಟಕ್ಕೂ ಇರುವ ಸಂಬಂಧವನ್ನು ಬರೆದನು. ಶಂಕೆಯುಳ್ಳ ಪದಾರ್ಥಗಳನ್ನು ಬಿಡಿಸಿ, ಮತ್ತೆ ಒಂದೊಂದಾಗಿ ಕೊಟ್ಟು ನೋಡುವ ವರ್ಜನಪಥ್ಯವನ್ನು ಕ್ಯಾಲಿಫೋರ್ನಿಯದ ಆಲ್ಬರ್ಟ್ ರೋ 1931ರ ತನ್ನ ಗ್ರಂಥದಲ್ಲಿ ವಿಸ್ತರಿಸಿದನು. 1978ರಲ್ಲಿ ಸ್ವೀಡನ್ನಿನ ಯಾಕೋಬ್ಸನ್ ಮತ್ತು ಲಿಂಡ್‌ಬರ್ಗ್ ಹೊಟ್ಟೆನುಲಿಯಿಂದ ಅಳುತ್ತಿದ್ದ 19 ಕೂಸುಗಳ ತಾಯಂದಿರಿಗೆ ಹಸುವಿನ ಹಾಲನ್ನು ಬಿಡಿಸಿದರು. 13 ಕೂಸುಗಳ ನೋವು ಬೇಗನೆ ಅಡಗಿತು. ತಾಯಂದಿರು ಮತ್ತೆ ಹಾಲು ಕುಡಿದಾಗ 12ರಲ್ಲಿ ಅದು ಮರುಕಳಿಸಿತು.

ಇಲ್ಲಿಯೇ ನಮ್ಮ ಪಥ್ಯಕ್ಕೂ ಹೊಸ ಪಥ್ಯಕ್ಕೂ ಬೇರೆತನ ಕಾಣುವುದು. ಕೂಸಿಗೆ ಒಗ್ಗದ ಪದಾರ್ಥವೆಂದು ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುವುದು ಹಸುವಿನ ಹಾಲು. ನಮ್ಮಲ್ಲಿಯಾದರೋ ಬದನೆ ಅವರೆಗಳನ್ನು ಬಾಗಿಲಾಚೆ ನಿಲ್ಲಿಸಿ, ಹಾಲನ್ನು ಲೋಟ ತುಂಬ ಕೊಡುತ್ತೇವೆ. ಹಸುವಿನ ಹಾಲಿಗೆ ಬದಲಾಗಿ ಎಮ್ಮೆಯದನ್ನೋ ಮೇಕೆಯದನ್ನೋ ಕೊಟ್ಟರೂ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆ ಪ್ರೋಟೀನುಗಳು ಒಂದನ್ನೊಂದು ಬಹಳವಾಗಿ ಹೋಲುತ್ತವೆ. ನಮ್ಮ ಪಥ್ಯದಲ್ಲಿ ಮತ್ತೆ ಕೊಟ್ಟು ನೋಡುವ ಮಾತೂ ಇಲ್ಲ. ಹೊಟ್ಟೆನುಲಿ ಬಹುಮಟ್ಟಿಗೆ ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಇಳಿಯತಕ್ಕದ್ದಾದುದರಿಂದ, ಅಷ್ಟರಲ್ಲಿ ಏನನ್ನು ಬಿಡಿಸಿದ್ದರೂ ಅದಕ್ಕೇ ಅಪವಾದ ನಿಲ್ಲುತ್ತದೆ. ಮುಂದಿನ ಬಾಣಂತನಕ್ಕೆ ಪಟ್ಟಿ ಇನ್ನೊಂದು ಸಾಲು ಬೆಳೆಯುತ್ತದೆ. ಅದರ ಭಾರವನ್ನು ಹೊರುವವಳು, ಹೆತ್ತು ನೆತ್ತರು ಕಳೆದುಕೊಂಡ ಹುಡುಗಿ. ನೀರನ್ನೂ ಅಳೆದು ಕೊಡುವ ಮನೆಗಳ ಕಟ್ಟಳೆಯನ್ನು ಈ ಲೇಖಕನು ಕ್ರೌರ್ಯವೆಂದೇ ಎಣಿಸುತ್ತಾನೆ.

ಕೂಸಿನ ಮಲದಲ್ಲಿ ನೆತ್ತರಿನ ಎಳೆ ಕಂಡರೆ, ಇಸುಬು ಬಿಡದಿದ್ದರೆ, ತೂಕ ಏರದಿದ್ದರೆ ವೈದ್ಯರ ಕಣ್ಣ ಮುಂದೆಯೇ ಪಥ್ಯ ನಡೆಯಬೇಕು: ಒಂದು ಪದಾರ್ಥವನ್ನು ಎರಡರಿಂದ ನಾಲ್ಕು ವಾರ ಬಿಟ್ಟು, ಗುಣ ಕಂಡರೆ ಮತ್ತೆ ಕೊಟ್ಟು, ಮರುಕಳಿಸಿದರೆ ಮಾತ್ರ ಬಿಡುವುದನ್ನು ಮುಂದುವರಿಸುವುದು. ಮೊಲೆ ಬಿಡಿಸುವ ಮಾತು ಬೇಡ. ಹಾಲು ಬಿಟ್ಟ ತಾಯಿಗೆ ಸುಣ್ಣದ ಅಂಶವನ್ನು ಬೇರೆ ದಾರಿಯಿಂದ ಒದಗಿಸಬೇಕಾಗುತ್ತದೆ. ಈ ನಾಲ್ಕು ತಾಲ್ಲೂಕುಗಳ ಹೊಲದಲ್ಲಿ ಬೆಳೆಯುವ ರಾಗಿಯ 100 ಗ್ರಾಮಿನಲ್ಲಿ ಅದು ಸುಮಾರು 350 ಮಿಲಿಗ್ರಾಂ ಉಂಟು.