ಕೇಳುವವನ ದಣಿವು

ಕಳೆದ ಬೇಸಗೆಯಲ್ಲಿ ನಮ್ಮ ಬಂಧುಗಳ ಮನೆಯ ಮದುವೆಯಲ್ಲಿ ಊಟ ಮುಗಿದೊಡನೆ ನಾನು ಛತ್ರದ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆನೆಂದು ಕೆಲವರು ನೊಂದುಕೊಂಡರಂತೆ. ದೂರದಿಂದ ಬಂದಿದ್ದ ಹಳೆಯ ವಿದ್ಯಾರ್ಥಿಗಳಿಬ್ಬರು ಕಾದು ಹಿಂದಿರುಗಿದರೆಂದು ಆಮೇಲೆ ತಿಳಿದು ನಾಚಿಕೆಯಾಯಿತು. ಅವರಿಗೆ ಉತ್ತರರೂಪವಾಗಿ ಇನ್ನೂರು ವರ್ಷಗಳಿಗೂ ಹಿಂದಿನ ಒಂದು ಪ್ರಸಂಗವನ್ನು ಹೇಳುತ್ತೇನೆ. ಪಾಠ ಹೇಳುವ ಚಾಳಿ ನಿವೃತ್ತಿಯೊಡನೆ ಹೋಗುವುದಿಲ್ಲವಷ್ಟೆ!

ಇಂದಿನ ಜರ್ಮನಿಯ ಬಾನ್ ನಗರದಲ್ಲಿ 1770ರಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ್ದ ಸಂಗೀತಗಾರ ಬೀಥೋವನ್, 1801ರ ಜೂನ್ ತಿಂಗಳಲ್ಲಿ ತನ್ನ ಗೆಳೆಯನೂ ವೈದ್ಯನೂ ಆದ ವೇಗೆಲರನಿಗೆ ಒಂದು ಪತ್ರ ಬರೆದನು. ಮೆಲ್ಲಗೆ ಮಾತನಾಡಿದರೆ ದನಿ ಕೇಳಿಸುತ್ತದೆ, ಪದಗಳು ತಿಳಿಯುವುದಿಲ್ಲ. ಯಾರಾದರೂ ಕೂಗಿದರಂತೂ ಸಹಿಸಲಾಗದು ಎಂಬುದು ಅದರ ಒಂದು ಭಾಗದ ತಾತ್ಪರ್ಯ. ತಾನು ಕಿವುಡನೆಂದು ಹೇಳಿಕೊಳ್ಳಲಾಗದೆ ಸುಮಾರು ಎರಡು ವರ್ಷಗಳಿಂದ ಜನರ ಸಂಗವನ್ನೇ ತಪ್ಪಿಸುತ್ತಿರುವುದಾಗಿಯೂ ಅವನು ತಿಳಿಸಿದ್ದನು.

ದನಿ ಕೇಳಿಸಿಯೂ ಮಾತು ತಿಳಿಯದಿರುವುದು ಹೇಗೆ? ವಯಸ್ಸಾದವರ ಕಿವಿಯಲ್ಲಿ ಸಾಮಾನ್ಯವಾಗಿ ಮೊದಲು ಕುಂದುವುದು ಎತ್ತರದ ಶ್ರುತಿಯ ಸದ್ದುಗಳು. ಆಗ ಸ್ವರಗಳು ಉಳಿದು, ಸ, ತ, ಕ ಮೊದಲಾದ ಮೆಲುವಾದ ವ್ಯಂಜನಗಳು ಜಾರುತ್ತವೆ. 'ಹಾಲು', 'ಕಾಲು', 'ಸಾಲು' ಮೂರೂ ನನಗೆ ಒಂದೇ. ಯಾವುದೆಂಬುದನ್ನು ಸಂದರ್ಭದಿಂದ, ತುಟಿಯ ಚಲನೆಯಿಂದ ಮನಸ್ಸು ಊಹಿಸಬೇಕು. ಊಹಿಸುವಷ್ಟರಲ್ಲಿ ಮುಂದಿನ ವಾಕ್ಯ ಬಂದಿರುತ್ತದೆ. ನಾಗಸ್ವರ, ಫ್ಯಾನು, ಪಾತ್ರೆಗಳ ಸದ್ದಿನ ನಡುವೆ ಮೂರು ಗಂಟೆ ಹೀಗೆ ಊಹಿಸುತ್ತ ಕುಳಿತವನು, ನೂರು ಉತ್ತರಪತ್ರಿಕೆ ತಿದ್ದಿದವನಂತೆ ಬಳಲುತ್ತಾನೆ. ಶ್ರವಣಯಂತ್ರದಿಂದ ನನ್ನ ಹೆಣಗಾಟ ತಗ್ಗಿದೆ, ತೀರಿಲ್ಲ. ಅದು ಗದ್ದಲವನ್ನೂ ಹಿಗ್ಗಿಸುತ್ತದೆ.

1802ರಲ್ಲಿ ಬೀಥೋವನ್‌ನ ವೈದ್ಯನು ಕಿವಿಗೆ ಆದಷ್ಟು ವಿಶ್ರಾಂತಿ ಕೊಡಬೇಕೆಂದು ಸೂಚಿಸಿದನು. ಅದರಂತೆ ಅವನು ಆಗ ವಿಯೆನ್ನಾದ ಹೊರಗಿದ್ದ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ಸುಮಾರು ಆರು ತಿಂಗಳು ಕಳೆದನು. ಕಿವುಡು ಅಲ್ಲಿ ವಾಸಿಯಾಗಲಿಲ್ಲ. ಅಕ್ಟೋಬರ್‌ನಲ್ಲಿ ತಮ್ಮಂದಿರಿಗೆಂದು ಬರೆದು ಕಳುಹಿಸದೆಯೇ ಉಳಿದ, 1827ರಲ್ಲಿ ಅವನು ತೀರಿಕೊಂಡ ಮೇಲೆ ದೊರೆತ ಪತ್ರವು ಒಂದು ದೂರಿನಿಂದಲೇ ಆರಂಭವಾಗುತ್ತದೆ: ತನ್ನನ್ನು ಮೊಂಡನೆಂದು, ಜನದ್ವೇಷಿಯೆಂದು ತಿಳಿದವರಿಗೆ ನಿಜವಾದ ಕಾರಣ ಗೊತ್ತಿಲ್ಲ. ಅವನ ಸಂಗೀತವನ್ನು ನಾನು ಹೆಚ್ಚು ಬಲ್ಲವನಲ್ಲ. ಈ ದೂರನ್ನು ಮಾತ್ರ ಚೆನ್ನಾಗಿ ಬಲ್ಲೆ.

1818ರಿಂದ ಅವನು ಸಂಭಾಷಣೆಗೆ ಪುಸ್ತಕಗಳನ್ನು ಇಟ್ಟುಕೊಂಡನು. ಬಂದವರು ತಮ್ಮ ಮಾತನ್ನು ಅದರಲ್ಲಿ ಬರೆಯುತ್ತಿದ್ದರು, ಅವನು ಸಾಮಾನ್ಯವಾಗಿ ಬಾಯಲ್ಲೇ ಉತ್ತರಿಸುತ್ತಿದ್ದನು. ಆದುದರಿಂದ ಇಂದು ಉಳಿದಿರುವ ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಪ್ರಶ್ನೆಗಳೇ ಹೆಚ್ಚು, ಅವನ ಉತ್ತರಗಳು ವಿರಳ.

ನಾನೂ ಈಗ ಜೇಬಿನಲ್ಲಿ ಪುಟ್ಟ ಪುಸ್ತಕವೊಂದನ್ನು ಇಟ್ಟುಕೊಂಡಿದ್ದೇನೆ. ಹೆಸರು, ಊರು, ದಿನಾಂಕಗಳನ್ನು ಅದರಲ್ಲಿ ಬರೆದುಬಿಟ್ಟರೆ ಅರ್ಧ ಆಯಾಸ ಕಳೆಯುತ್ತದೆ. ಗೋಡೆಗೆ ಬೆನ್ನು ಮಾಡಿ, ಎದುರಿನವರ ಮುಖಕ್ಕೆ ಬೆಳಕು ಬೀಳುವಂತೆ ಕೂರುತ್ತೇನೆ. ಇಬ್ಬರು ಒಟ್ಟಿಗೆ ಮಾತನಾಡಬೇಡಿ, ದಯವಿಟ್ಟು ಕೂಗಲೂಬೇಡಿ. ಗಂಟೆಗೊಮ್ಮೆ ಯಂತ್ರವನ್ನು ತೆಗೆದಿಟ್ಟು ಕಾಲುಗಂಟೆ ಮೌನವಾಗಿ ಕುಳಿತರೆ ಮತ್ತೆ ಮಾತಿಗೆ ಸಿದ್ಧನಾಗುತ್ತೇನೆ. ಅಂದು ಹಿಂದಿರುಗಿದ ಇಬ್ಬರು ಇದನ್ನು ಓದಿದರೆ ಮನೆಗೆ ಬನ್ನಿ. ಬೆಳಗಿನ ಹೊತ್ತು ನನ್ನ ಕಿವಿ ಹೊಸದಾಗಿರುತ್ತದೆ, ನಮ್ಮ ಬೀದಿಯೂ ಶಾಂತವಾಗಿರುತ್ತದೆ.