ಮಾಗಿಯಲ್ಲಿ ಶಿವಗಂಗೆ ಹತ್ತುವ ರೂಢಿ

ಬೆಂಗಳೂರು ಸೀಮೆಯಲ್ಲಿ ಚಳಿಗಾಲದ ಒಂದು ಹಗಲನ್ನು ಬೆಟ್ಟಕ್ಕೆಂದು ಮೀಸಲಿಡುವ ರೂಢಿ ಬಹಳ ಹಿಂದಿನದು. ಬೆಳಗಿನ ಜಾವ ಮನೆ ಬಿಡುವುದು, ಬುತ್ತಿ ಕಟ್ಟಿಕೊಂಡು ಗುಂಪಾಗಿ ಹೋಗುವುದು, ಹತ್ತಿ ಇಳಿದು ದೀಪ ಹಚ್ಚುವ ಹೊತ್ತಿಗೆ ಊರು ಸೇರುವುದು ಅದರ ಕ್ರಮ. ತುಮಕೂರು ರಸ್ತೆಯ ಮಾಕಳಿ, ಮಾದಾವರ, ದಾಸನಪುರ, ನೆಲಮಂಗಲದ ಕಡೆಯವರಿಗೆ ಈ ಬೆಟ್ಟ ಎಂದರೆ ಶಿವಗಂಗೆ. ಮಾಕಳಿಯಿಂದ ಡಾಬಸ್‌ಪೇಟೆಯ ಮೇಲೆ ಹಾದರೆ ಅದು ಸುಮಾರು 35ರಿಂದ 40 ಕಿಲೋಮೀಟರ್ ದೂರ. ಹೆಸರಿನ ಹೋಲಿಕೆಯಿಂದ ಕೆಲವರು ಮಾಕಳಿಯನ್ನು ಮಾಕಳಿದುರ್ಗದ ಜೊತೆ ಸೇರಿಸುವುದುಂಟು. ಆದರೆ ಮಾಕಳಿದುರ್ಗ ಇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ, ಘಾಟಿ ಸುಬ್ರಹ್ಮಣ್ಯದ ಹತ್ತಿರ. ಮಾಕಳಿ ಬೆಂಗಳೂರು ಉತ್ತರ ತಾಲ್ಲೂಕಿನ ಹೆದ್ದಾರಿ ಬದಿಯ ಊರು.

ಶಿವಗಂಗೆ ನೆಲಮಂಗಲ ತಾಲ್ಲೂಕಿಗೆ ಸೇರಿದೆ. ಸಮುದ್ರಮಟ್ಟದಿಂದ ಅದರ ಎತ್ತರ 4,500 ಅಡಿಗೂ ಹೆಚ್ಚು. ರಾಮನಗರ, ಮಾಗಡಿಯ ಕಡೆಯಿಂದ ಉತ್ತರಕ್ಕೆ ಹಬ್ಬಿರುವ ಕ್ಲೋಸ್‌ಪೇಟೆ ಗ್ರಾನೈಟಿನ ಸಾಲಿನಲ್ಲಿ ಸಾವನದುರ್ಗದ ಹಾಗೆ ಇದೂ ಒಂದು ಬೋಳು ಬಂಡೆಯ ಬೆಟ್ಟ. ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಸ್ಥಳಪುರಾಣ ಬೆಟ್ಟವನ್ನು ಕಕುದ್ಗಿರಿ ಎಂದು ಕರೆಯುತ್ತದೆ, ಭಕ್ತರು ದಕ್ಷಿಣ ಕಾಶಿ ಎನ್ನುತ್ತಾರೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ಉತ್ತರದಿಂದ ಹೆಡೆ ಎತ್ತಿದ ಸರ್ಪ, ದಕ್ಷಿಣದಿಂದ ಲಿಂಗ ಕಾಣುತ್ತದೆ ಎಂಬ ಮಾತು ಈ ಸೀಮೆಯಲ್ಲಿ ಮನೆಮಾತು. ದಾರಿ ನಡೆದು ಬರುತ್ತಿದ್ದ ಕಾಲದ ಯಾತ್ರಿಕರು ತಾವು ಯಾವ ದಿಕ್ಕಿನಿಂದ ಬಂದೆವೋ ಆ ರೂಪವನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದರು.

ಶಿವಗಂಗೆಗೆ ಸಂಬಂಧಿಸಿದ ಹಳೆಯ ದಾಖಲೆಗಳಲ್ಲಿ ಹೆಚ್ಚು ಹೆಸರಾದದ್ದು 12ನೇ ಶತಮಾನದ್ದು. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲಾದೇವಿ 1131ರಲ್ಲಿ ಇಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸನ್ಯಸನ (ಜೈನರ ಉಪವಾಸವ್ರತ) ಸ್ವೀಕರಿಸಿ ದೇಹ ಬಿಟ್ಟಳು. ಶಾಂತಲೆ ಜೈನಳು, ಅವಳ ತಂದೆ ಮಾರಸಿಂಗಯ್ಯ ಶೈವ. ಜೈನ ರಾಣಿಯೊಬ್ಬಳು ಶಿವಗಂಗೆಯಲ್ಲಿ ಕೊನೆಯುಸಿರೆಳೆದಳೆಂಬ ಈ ದಾಖಲೆಯಿಂದ, ಸ್ಥಳವು ಆಗಲೇ ಹೆಸರಾಂತ ತೀರ್ಥವಾಗಿತ್ತೆಂದು ಊಹಿಸಬಹುದು. ಬೆಟ್ಟದ ಮೇಲಿನ ಒಂದು ಕಡಿದಾದ ಬಂಡೆಯಂಚಿಗೆ ಶಾಂತಲೆಯ ಹೆಸರು ಅಂಟಿಕೊಂಡಿದೆ. ಅಲ್ಲಿಂದ ಹಾರಿ ಅವಳು ಪ್ರಾಣ ಬಿಟ್ಟಳೆಂಬ ಕಥೆಯನ್ನು ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ ಮನೆಮನೆಗೆ ತಲುಪಿಸಿತು. ಸಿ.ಕೆ. ನಾಗರಾಜರಾವ್ ‘ಪಟ್ಟಮಹಾದೇವಿ ಶಾಂತಲದೇವಿ’ ಕಾದಂಬರಿಯಲ್ಲಿ ಆ ಆತ್ಮಹತ್ಯೆಯ ಕಥೆಯನ್ನು ಒಪ್ಪಲಿಲ್ಲ. ಬಂಡೆಯ ಮುಂದೆ ನಿಂತವರ ನಡುವೆ ಈ ಚರ್ಚೆ ಇಂದಿಗೂ ನಡೆಯುತ್ತದೆ.

16ನೇ ಶತಮಾನದಿಂದಾಚೆಗೆ ಬೆಟ್ಟ ಯಲಹಂಕ ನಾಡಪ್ರಭುಗಳ ಆಶ್ರಯಕ್ಕೆ ಬಂತು. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿದ ಹಿರಿಯ ಕೆಂಪೇಗೌಡನ ಮನೆತನ ಮುಂದೆ ಮಾಗಡಿಯಿಂದ ಆಳಿತು. ಶಿವಗಂಗೆ ಅವರ ಶ್ರದ್ಧೆಯ ಕೇಂದ್ರವಾಯಿತು. ಗಂಗಾಧರೇಶ್ವರ ದೇವಾಲಯದಲ್ಲಿರುವ ಕೆಂಪೇಗೌಡನ ಲೋಹದ ಪ್ರತಿಮೆ ಅವನ ಕಾಲಾನಂತರ, 17ನೇ ಶತಮಾನದ ಮೊದಲ ದಶಕದಲ್ಲಿ ಸ್ಥಾಪಿತವಾದದ್ದು. ಕೆಂಪೇಗೌಡನ ಹಜಾರವೆಂಬ ಮಂಟಪವೂ ಇಲ್ಲಿದೆ. 1728ರಲ್ಲಿ ಮಾಗಡಿ ಮೈಸೂರಿನ ವಶವಾಗಿ ಪ್ರಭುತ್ವ ಮುಗಿದರೂ ಯಾತ್ರೆ ನಿಲ್ಲಲಿಲ್ಲ. ಸ್ಮಾರ್ತರ ಶಾರದಾ ಮಠ, ವೀರಶೈವರ ಮೇಲಣಗವಿ ಮಠ ಎರಡೂ ಇರುವ ಈ ಬೆಟ್ಟ ಒಂದೇ ಪಂಥದ ಸೊತ್ತಾಗಿ ಉಳಿಯಲಿಲ್ಲ.

ಬೆಟ್ಟದ ದಾರಿಯ ರಚನೆಯೇ ಈ ರೂಢಿಯ ಚರಿತ್ರೆಯನ್ನು ಹೇಳುತ್ತದೆ. ಇಲ್ಲಿನ ಮೆಟ್ಟಿಲುಗಳ ಸಂಖ್ಯೆ ಕಾಶಿಗಿರುವ ಯೋಜನಗಳಷ್ಟು, ಆದ್ದರಿಂದ ಶಿವಗಂಗೆ ಹತ್ತಿದರೆ ಕಾಶಿಗೆ ಹೋದ ಪುಣ್ಯ ಎಂಬ ನಂಬಿಕೆ ಬ್ರಿಟಿಷರ ಕಾಲದ ಗೆಜೆಟಿಯರುಗಳಲ್ಲೂ ದಾಖಲಾಗಿದೆ. ಕಾಶಿಯಾತ್ರೆಯನ್ನು ಸಾಮಾನ್ಯವಾಗಿ ಕೈಗೊಳ್ಳುತ್ತಿದ್ದುದು ಮಕ್ಕಳ ಮದುವೆ, ಮನೆಯ ಹೊಣೆಗಳು ಮುಗಿದ ಮೇಲೆ. ತಿಂಗಳುಗಟ್ಟಲೆ ಹಿಡಿಯುವ ಆ ಪ್ರಯಾಣ ಎಲ್ಲರ ಕೈಗೆಟುಕುವಂಥದಲ್ಲ. ಒಂದು ಹಗಲಿನಲ್ಲಿ ಮುಗಿಯುವ ಶಿವಗಂಗೆ ಆ ಆಸೆಯನ್ನು ಈಡೇರಿಸಿತು. ಹೀಗಾಗಿ ಇದನ್ನು ಹತ್ತುವವರಲ್ಲಿ ವಯಸ್ಸಾದವರು ಮೊದಲಿನಿಂದಲೂ ಇದ್ದಾರೆ, ದಾರಿಯೂ ಅವರ ಕಾಲಿಗೆ ಒಪ್ಪುವಂತೆ ಬೆಳೆದಿದೆ.

ಏರು ಒಂದೇ ಉಸಿರಿನದಲ್ಲ. ಬುಡದ ಊರಿನಿಂದ ಮೆಟ್ಟಿಲು ಹಿಡಿದರೆ ಮೊದಲ ಘಟ್ಟದಲ್ಲಿ ಗಂಗಾಧರೇಶ್ವರ ಮತ್ತು ಹೊನ್ನಾದೇವಿಯ ಗುಡಿಗಳು ಸಿಗುತ್ತವೆ. ಎರಡೂ ದೊಡ್ಡ ನೈಸರ್ಗಿಕ ಗವಿಗಳಲ್ಲಿ ರೂಪುಗೊಂಡವು. ಗಂಗಾಧರೇಶ್ವರನ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ನಂಬಿಕೆಯಿಂದ ಭಕ್ತರು ಇಲ್ಲಿ ತುಪ್ಪದ ಅಭಿಷೇಕ ಮಾಡಿಸುತ್ತಾರೆ. ಬಂಡೆಯೊಳಗೆ ನೀರು ನಿಲ್ಲುವ ಪಾತಾಳಗಂಗೆಯೂ ಇಲ್ಲೇ ಇದೆ. ಮುಂದಿನ ಘಟ್ಟ ಒಳಕಲ್ಲು ತೀರ್ಥ. ಬಂಡೆಯ ಒರಳಿನಂಥ ಕುಳಿಯೊಳಗೆ ಕೈ ಇಳಿಸಿ, ನೀರು ತಾಕಿದರೆ ಎಣಿಸಿದ್ದು ಕೈಗೂಡುತ್ತದೆ ಎಂದು ಸಂತೋಷಪಡುವ ಜಾಗ ಅದು. ಅಲ್ಲಿಂದ ಮೇಲೆ ಏರು ಕಡಿದಾಗುತ್ತದೆ. ಬಂಡೆಯಲ್ಲೇ ಕಡಿದ ಕಿರುಮೆಟ್ಟಿಲು, ಪಕ್ಕದಲ್ಲಿ ಕಬ್ಬಿಣದ ಕಂಬಿ. ಚಾಚಿಕೊಂಡ ಕೋಡುಗಲ್ಲಿನ ಮೇಲೆ ಕೂತ ಬಸವಣ್ಣನನ್ನು ಸುತ್ತುವುದು ಗಟ್ಟಿ ಎದೆಯವರ ಕೆಲಸ. ತುದಿಯಲ್ಲಿ ಶಿವನ ಗುಡಿ ಮತ್ತು ತೀರ್ಥಕಂಬ. ಗುಡಿ, ನೆರಳು, ಕುಳಿತುಕೊಳ್ಳುವ ಕಟ್ಟೆ ದಾರಿಯಲ್ಲಿ ಮತ್ತೆ ಮತ್ತೆ ಬರುವುದರಿಂದ, ಎಲ್ಲಿ ನಿಂತರೂ ಅಲ್ಲಿಯವರೆಗಿನ ಯಾತ್ರೆ ಪೂರ್ಣ. ಗಂಗಾಧರೇಶ್ವರನ ಸನ್ನಿಧಿಯಲ್ಲೇ ಉಳಿದ ಅಜ್ಜಿಯೂ ತುದಿ ಮುಟ್ಟಿದ ಮೊಮ್ಮಗನೂ ಶಿವಗಂಗೆಗೆ ಹೋಗಿಬಂದವರೇ.

ಚಳಿಗಾಲವೇ ಏಕೆ ಎಂಬುದಕ್ಕೆ ಹಬ್ಬ, ಬೇಸಾಯ, ಬಂಡೆ ಮೂರರಿಂದಲೂ ಉತ್ತರ ದೊರೆಯುತ್ತದೆ. ಕಾರ್ತಿಕ ಸೋಮವಾರಗಳಿಂದ ಶಿವರಾತ್ರಿಯವರೆಗಿನ ಕಾಲ ಶಿವಕ್ಷೇತ್ರಗಳಿಗೆ ವಿಶೇಷ. ಅದರ ನಡುವೆ ಬರುವ ಮಕರ ಸಂಕ್ರಾಂತಿ ಇಲ್ಲಿನ ದೊಡ್ಡ ದಿನ. ಆ ಮುಂಜಾನೆ ತುದಿಯ ತೀರ್ಥಕಂಬದಲ್ಲಿ ಗಂಗೆ ಉದ್ಭವಿಸುತ್ತಾಳೆಂಬುದು ನಂಬಿಕೆ. ಆ ತೀರ್ಥವನ್ನು ಕೆಳಗೆ ತಂದು ಗಿರಿಜಾ ಕಲ್ಯಾಣ ನೆರವೇರಿಸುತ್ತಾರೆ. 

ಬೇಸಾಯದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಮುಂಗಾರಿನಲ್ಲಿ ಬಿತ್ತಿದ ರಾಗಿ ಕಾರ್ತಿಕ, ಮಾರ್ಗಶಿರದ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಕಣದ ಕೆಲಸ ತಗ್ಗಿದ ಮೇಲೆ ರೈತರ ಮನೆಗೆ ಬಿಡುವು. ಅವರೆಕಾಯಿ ಬಿಡುವ ಕಾಲವೂ ಅದೇ ಆದ್ದರಿಂದ ಬುತ್ತಿಯಲ್ಲಿ ಮೊಸರನ್ನ, ಪುಳಿಯೋಗರೆಯ ಜೊತೆ ಅವರೆಕಾಳಿನ ಉಸಲಿಯೂ ಇರುತ್ತದೆ. ಇನ್ನು ಬಂಡೆಯ ಮಾತು. ಮಳೆಗಾಲದಲ್ಲಿ ಬೋಳು ಗ್ರಾನೈಟ್ ಜಾರುತ್ತದೆ, ಬೇಸಗೆಯಲ್ಲಿ ಅಂಗಾಲು ಸುಡುತ್ತದೆ. ಬರಿಗಾಲಲ್ಲಿ ಹತ್ತುವವರಿಗೆ ಇವೆರಡೂ ಕಷ್ಟ. ಜನವರಿಯಲ್ಲಿ ಈ ಸೀಮೆಯ ಬೆಳಗಿನ ಉಷ್ಣತೆ 15 ಡಿಗ್ರಿಯ ಆಸುಪಾಸು, ಮಧ್ಯಾಹ್ನ 27–28ರ ಹತ್ತಿರ. ಆಯಾಸ ಬೇಗ ತಟ್ಟುವ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಹವೆ ಸಿಗದು.

ಬೆಟ್ಟ ಮುಟ್ಟುವ ದಾರಿ 19ನೇ ಶತಮಾನದಲ್ಲಿ ಬದಲಾಗತೊಡಗಿತು. ಅಲ್ಲಿಯವರೆಗೆ ಕಾಲ್ನಡಿಗೆ ಅಥವಾ ಎತ್ತಿನ ಗಾಡಿ. ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತದಲ್ಲಿ ತುಮಕೂರು, ಚಿತ್ರದುರ್ಗ ಭಾಗದ ಅಧಿಕಾರಿಯಾಗಿದ್ದ ರಿಚರ್ಡ್ ಸ್ಟೂವರ್ಟ್ ಡಾಬ್ಸ್ ಅವರ ಹೆಸರು ಹೊತ್ತ ಡಾಬಸ್‌ಪೇಟೆ ಶಿವಗಂಗೆಗೆ ತಿರುಗುವ ಪೇಟೆಯಾಯಿತು. 1884ರಲ್ಲಿ ಬೆಂಗಳೂರು–ತುಮಕೂರು ರೈಲು ದಾರಿ ತೆರೆಯಿತು. ನಿಡವಂದ ನಿಲ್ದಾಣದಲ್ಲಿ ಇಳಿದು ಬೆಟ್ಟದ ಕಡೆ ಹೋಗುವುದು ಸಾಧ್ಯವಾಯಿತು. ಆಮೇಲೆ ಬಸ್ಸು ಬಂತು. ದಾರಿಯಲ್ಲಿ ತಂಗಬೇಕಿದ್ದ ಯಾತ್ರೆ ಬೆಳಿಗ್ಗೆ ಹೊರಟು ಸಂಜೆ ಮರಳುವ ಯಾತ್ರೆಯಾಯಿತು.

ಮುಂದಿನ ಬದಲಾವಣೆ ಕಾರ್ಖಾನೆಗಳಿಂದ ಬಂತು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿ ಭಾಗದಲ್ಲಿ ಆರಂಭವಾದವು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಅದೇ ದಶಕದಲ್ಲಿ ಮಾಕಳಿಯಲ್ಲಿ ಹಿಮಾಲಯ ಔಷಧ ಕಂಪನಿಯ ಕಾರ್ಖಾನೆ ನೆಲೆಯೂರಿತು. ಬೇರೆ ಬೇರೆ ಜಿಲ್ಲೆಗಳಿಂದ ಬಂದವರು ಈ ರಸ್ತೆಯುದ್ದಕ್ಕೂ ಮನೆ ಕಟ್ಟಿದರು, ಇಲ್ಲೇ ನಿವೃತ್ತರಾದರು. ಹಳ್ಳಿಯಲ್ಲಿ ಯಾತ್ರೆಯ ಗುಂಪು ನೆಂಟರಿಂದ, ಕೇರಿಯವರಿಂದ ಕೂಡುತ್ತಿತ್ತು. ಕಾರ್ಖಾನೆಯ ಊರುಗಳಲ್ಲಿ ಅದರ ಜೊತೆಗೆ ಒಂದೇ ಪಾಳಿಯಲ್ಲಿ ದುಡಿದವರ, ಬೆಳಗಿನ ವಾಕಿಂಗಿನಲ್ಲಿ ಪರಿಚಯವಾದವರ ಗೆಳೆತನವೂ ಸೇರಿತು. ಹರಕೆಯಿದ್ದವರ ಜೊತೆ ಆರೋಗ್ಯಕ್ಕೆ, ಗಾಳಿಗೆ, ಗೆಳೆಯರ ಸಂಗಕ್ಕೆ ಬರುವವರೂ ಕೂಡಿಕೊಂಡರು. 60 ದಾಟಿದವರಿಗೆ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ದೊರೆಯುವ ಶೇ. 25ರ ರಿಯಾಯಿತಿ, 2023ರ ಜೂನ್‌ನಿಂದ ಹೆಂಗಸರಿಗೆ ಉಚಿತ ಪ್ರಯಾಣ ಕೊಟ್ಟ ಶಕ್ತಿ ಯೋಜನೆ ಇಂಥ ತಂಡಗಳಿಗೆ ಅನುಕೂಲವಾದವು. 2024ರ ನವೆಂಬರಿನಲ್ಲಿ ಮೆಟ್ರೊದ ಹಸಿರು ಮಾರ್ಗ ಮಾದಾವರದವರೆಗೆ ಬಂದ ಮೇಲೆ ನಗರದ ಒಳಗಿನ ಗೆಳೆಯರೂ ಹೆದ್ದಾರಿಯ ಬಾಯಿಗೆ ಸುಲಭವಾಗಿ ಬಂದು ಸೇರಬಲ್ಲರು.

ವಿರಾಮಕ್ಕಾಗಿ, ಸಾಹಸಕ್ಕಾಗಿ ಬೆಟ್ಟ ಹತ್ತುವ ಪದ್ಧತಿ ಸಂಘಟಿತವಾದದ್ದು ಯುರೋಪಿನಲ್ಲಿ. ಲಂಡನ್ನಿನ ಆಲ್ಪೈನ್ ಕ್ಲಬ್ 1857ರದು. ಆ ಪದ್ಧತಿ ಬೆಂಗಳೂರಿನ ಸುತ್ತಲಿನ ಸಾವನದುರ್ಗ, ರಾಮನಗರ, ಮಾಕಳಿದುರ್ಗಗಳಲ್ಲಿ 20ನೇ ಶತಮಾನದ ಉತ್ತರಾರ್ಧದಲ್ಲಿ ಬೇರು ಬಿಟ್ಟಿತು. ಈಗ ವಾರಾಂತ್ಯದ ಜನಸಂದಣಿ ಹೆಚ್ಚಿ, ಅರಣ್ಯಕ್ಕೆ ಸೇರಿದ ಹಲವು ಬೆಟ್ಟಗಳಿಗೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಪಡೆಯಬೇಕಾಗಿದೆ. ಅಲ್ಲಿ ತುದಿ ಮುಟ್ಟುವುದೇ ಗುರಿ. ಶಿವಗಂಗೆಯ ಮಾದರಿ ಬೇರೆ, ಅದಕ್ಕೆ ಸಮನಾದವು ನಾಡಿನಲ್ಲೇ ಇವೆ. ಮೈಸೂರಿನ ಚಾಮುಂಡಿ ಬೆಟ್ಟಕ್ಕೆ 17ನೇ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರು ಸಾವಿರ ಮೆಟ್ಟಿಲು ಕಟ್ಟಿಸಿದರು, ನಡುದಾರಿಯಲ್ಲಿ ದೊಡ್ಡ ನಂದಿಯಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲು, ಹತ್ತಲಾರದವರಿಗೆ ಡೋಲಿ. ಮೂರು ಕಡೆಯೂ ನಿಧಾನವಾಗಿ ನಡೆಯುವವರಿಗೆ ದಾರಿಯಲ್ಲೇ ಜಾಗವಿದೆ.

ಇಂದಿನ ಹಿರಿಯರ ತಂಡಗಳು ಪಾಲಿಸುವ ಕ್ರಮ ಹೆಚ್ಚಾಗಿ ಹಳೆಯ ಯಾತ್ರಿಕರದೇ. ಬಿಸಿಲೇರುವ ಮುನ್ನ ಮೊದಲ ಮೆಟ್ಟಿಲು ಹಿಡಿಯುತ್ತಾರೆ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಗೆ ಉಳಿದವರು ಹೆಜ್ಜೆ ಹೊಂದಿಸುತ್ತಾರೆ. ಗುಡಿಯಿಂದ ಗುಡಿಗೆ ಕೂತು ಏಳುತ್ತಾರೆ, ದಾರಿಯ ಅಂಗಡಿಗಳಲ್ಲಿ ಮಜ್ಜಿಗೆ, ಸೌತೆಕಾಯಿ ಕೊಳ್ಳುತ್ತಾರೆ. ಕೋತಿಗಳ ಕಾಟವಿರುವುದರಿಂದ ಬುತ್ತಿಯನ್ನು ಚೀಲದೊಳಗೇ ಇಟ್ಟು ನೆರಳಿದ್ದ ಕಡೆ ಒಟ್ಟಿಗೆ ಬಿಚ್ಚುತ್ತಾರೆ. ಮಂಡಿನೋವಿದ್ದವರು ಒಳಕಲ್ಲು ತೀರ್ಥದಲ್ಲೇ ಉಳಿಯುತ್ತಾರೆ, ಮುಂದೆ ಹೋದವರು ಇಳಿಯುವಾಗ ಅವರನ್ನು ಕೂಡಿಕೊಳ್ಳುತ್ತಾರೆ. ಮಂಡಿಗೆ ಏರಿಗಿಂತ ಇಳಿತವೇ ಹೆಚ್ಚು ಭಾರ. ಅದಕ್ಕಾಗಿ ಇಳಿಯಲು ಧಾರಾಳ ಹೊತ್ತು ಇಟ್ಟುಕೊಂಡು, ಕಂಬಿ ಅಥವಾ ಊರುಗೋಲು ಹಿಡಿದು ಇಳಿಯುತ್ತಾರೆ.

ಈ ರೂಢಿ ಇಷ್ಟು ಕಾಲ ಬಾಳಿರುವುದು ಬೆಟ್ಟದ ಎತ್ತರದಿಂದಷ್ಟೇ ಅಲ್ಲ, ದಾರಿಯುದ್ದಕ್ಕೂ ಕಟ್ಟಿದ ಮೆಟ್ಟಿಲು, ನೆರಳು, ನೀರು, ನಿಲುಗಡೆಗಳಿಂದ. ಅವುಗಳನ್ನು ಗಟ್ಟಿಯಾಗಿ, ಶುಚಿಯಾಗಿ ಉಳಿಸಿಕೊಂಡರೆ ವಯಸ್ಸಾದವರಿಗೆ ಶಿವಗಂಗೆ ಮುಂದೆಯೂ ಒಂದು ಹಗಲಿನ ದಾರಿಯಾಗಿಯೇ ಇರುತ್ತದೆ.