ಕಂಪೈಲರ್‌ಗಳಿಗೂ ಒಂದು ಪಾಳಿ

ಬದಲಾದ ಕಡತಗಳನ್ನಷ್ಟೇ ಮತ್ತೆ ಕಂಪೈಲ್ ಮಾಡಿಸುವ ‘ಮೇಕ್’ ಅನ್ನು ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದದ್ದು 1976ರಲ್ಲಿ. ಮುಂದೆ ಗ್ನೂ ಮೇಕ್‌ನ ‘-ಜೆ’ ಆಯ್ಕೆಯಿಂದ ಹಲವು ಕೆಲಸಗಳು ಒಟ್ಟಿಗೆ ನಡೆದವು. ತೊಡಕೂ ಅಲ್ಲೇ ಹುಟ್ಟಿತು. ಶೆಲ್ ಸ್ಕ್ರಿಪ್ಟ್ 4 ಲೈಬ್ರರಿಗಳನ್ನು ಒಮ್ಮೆಗೇ ಕಟ್ಟಲು ಹೊರಟು, ಒಂದೊಂದಕ್ಕೂ ‘-ಜೆ4’ ಕೊಟ್ಟರೆ 16 ಕಂಪೈಲರ್‌ಗಳು ಮೆಮೊರಿಗೆ ಮುಗಿಬೀಳುತ್ತವೆ. ರಾಮಸಮುದ್ರದಲ್ಲಿ ನಾನು ಬಳಸುವ 4 ಜಿಬಿಯ ಹಳೆಯ ಲ್ಯಾಪ್‌ಟಾಪ್ ಅದನ್ನು ತಾಳದು.

1999ರ 3.78ನೇ ಆವೃತ್ತಿ ಇದಕ್ಕೆ ಪಾಳಿ ತಂದಿತು. ಮೇಲಿನ ಮೇಕ್ ಪೈಪಿನಲ್ಲಿ ಟೋಕನ್‌ಗಳನ್ನಿಡುತ್ತದೆ; ಒಳಗಿನ ಮೇಕ್‌ಗಳು ಪ್ರತಿ ಹೆಚ್ಚುವರಿ ಕೆಲಸಕ್ಕೂ ಒಂದನ್ನು ಪಡೆದು, ಮುಗಿದೊಡನೆ ಹಿಂದಿರುಗಿಸಬೇಕು. ಸ್ಕ್ರಿಪ್ಟ್ ಬೇರೆಬೇರೆಯಾಗಿ ಕರೆದ ಮೇಕ್‌ಗಳಿಗೆ ಆ ಪೈಪು ಸಿಗದು. ಅದಕ್ಕೇ ನಾನು ಎಲ್ಲ ಲೈಬ್ರರಿಗಳನ್ನೂ ಒಂದೇ ಮೇಕ್‌ನ ಕೆಳಗೆ ತಂದು, ‘-ಜೆ’ ಅಂಕಿಯನ್ನು ಒಂದೇ ಕಡೆ ಬರೆಯುತ್ತೇನೆ.